ಮತ್ಸ್ಯನ್ಯಾಯದ ಗಣಿತ

ದೊಡ್ಡ ಮೀನು ಸಣ್ಣ ಮೀನನ್ನು ನುಂಗುವುದೆಂಬುದನ್ನು ನಮ್ಮ ಪೂರ್ವಿಕರು ಬಹು ಹಿಂದೆಯೇ ಗಮನಿಸಿ ಅದಕ್ಕೆ ಮತ್ಸ್ಯನ್ಯಾಯವೆಂದು ಹೆಸರಿಟ್ಟರು. ದಂಡ ಹಿಡಿದ ಅರಸನಿಲ್ಲದ ನಾಡಿನಲ್ಲಿ ಬಲಿಷ್ಠರು ದುರ್ಬಲರನ್ನು ತಿಂದುಹಾಕುವರೆಂದು ಹೇಳುವಾಗ ಕೌಟಿಲ್ಯನ ಅರ್ಥಶಾಸ್ತ್ರವೂ ಈ ಮಾತನ್ನೇ ಬಳಸುತ್ತದೆ. ಆದರೆ ಅರಸರಿಗೆ ನೀತಿ ಹೇಳ ಹೊರಟವರು ಸಮುದ್ರದ ಕಡೆಗೆ ಇನ್ನೊಮ್ಮೆ ತಿರುಗಿ ನೋಡಿದಂತೆ ಕಾಣುವುದಿಲ್ಲ. ನೋಡಿದ್ದರೆ ಒಂದು ಪ್ರಶ್ನೆ ಏಳದೆ ಇರುತ್ತಿರಲಿಲ್ಲ. ಸಮುದ್ರದಲ್ಲಿ ಯಾವ ಅರಸನೂ ಇಲ್ಲ; ದೊಡ್ಡ ಮೀನು ಕೋಟ್ಯಂತರ ವರ್ಷಗಳಿಂದ ಸಣ್ಣ ಮೀನನ್ನು ನುಂಗುತ್ತಲೇ ಬಂದಿದೆ. ಆದರೂ ಸಣ್ಣ ಮೀನು ಮುಗಿದುಹೋಗಿಲ್ಲ. ಏಕೆ?

ಇದು ಮಕ್ಕಳು ಕೇಳುವಂಥ ಪ್ರಶ್ನೆ. ಆದರೆ ಇದಕ್ಕೆ ಉತ್ತರ ಹುಡುಕಲು ಗಣಿತವು ಕೈಹಾಕಿ ಸುಮಾರು ನೂರು ವರ್ಷಗಳಾದುವಷ್ಟೆ. ಅದಕ್ಕೆ ನಿಮಿತ್ತವಾದುವು ಮೀನುಪೇಟೆಯ ಲೆಕ್ಕದ ಪುಸ್ತಕಗಳು.

ಆಡ್ರಿಯಾಟಿಕ್ ಸಮುದ್ರದ ಉತ್ತರ ತೀರದಲ್ಲಿ ವೆನಿಸ್, ಟ್ರಿಯೆಸ್ಟೆ, ಫಿಯೂಮೆ ಎಂಬ ಬಂದರುಗಳಿವೆ. (ಫಿಯೂಮೆಗೆ ಈಗ ರಿಯೆಕ ಎಂದು ಹೆಸರು, ಅದು ಕ್ರೊಯೇಷಿಯ ದೇಶಕ್ಕೆ ಸೇರಿದೆ.) ಉಂಬರ್ಟೊ ಡಾಂಕೋನ ಎಂಬ ತರುಣ ಇಟಾಲಿಯನ್ ಪ್ರಾಣಿಶಾಸ್ತ್ರಜ್ಞನು ಈ ಬಂದರುಗಳ ಪೇಟೆಗಳಿಗೆ ವರ್ಷವರ್ಷವೂ ಬಂದ ಮೀನಿನ ಲೆಕ್ಕವನ್ನು ಪರಿಶೀಲಿಸುತ್ತಿದ್ದನು. ನಮ್ಮ ಕರಾವಳಿಯವರು ತಾಟೆ, ತೊರಕೆ ಎನ್ನುವ ವರ್ಗದ ಮೀನುಗಳು, ಎಂದರೆ ಶಾರ್ಕ್ ಮತ್ತು ಅದರ ಬಂಧುಗಳು, ಇತರ ಮೀನುಗಳನ್ನು ತಿಂದು ಬದುಕುವಂಥವು. ಪೇಟೆಯಲ್ಲಿ ಇವುಗಳಿಗೆ ಬೆಲೆ ಕಡಮೆ. ಫಿಯೂಮೆಯ ಪೇಟೆಯಲ್ಲಿ 1914ರಲ್ಲಿ ಒಟ್ಟು ಮೀನಿನ ನೂರು ಪಾಲಿನಲ್ಲಿ ಇವುಗಳದು 11.9 ಪಾಲು. ಮರುವರ್ಷ ಅದು 21.4ಕ್ಕೆ ಏರಿತು. 1916ರಲ್ಲಿ 22.1, 1917ರಲ್ಲಿ 21.2, 1918ರಲ್ಲಿ 36.4. ಆಮೇಲೆ ಇಳಿಯತೊಡಗಿ 1919ರಲ್ಲಿ 27.3, 1920ರಲ್ಲಿ 16.0, 1921ರಲ್ಲಿ 15.9, 1922ರಲ್ಲಿ 14.8 ಆಗಿ, 1923ರಲ್ಲಿ 10.7ಕ್ಕೆ ಬಂದು ನಿಂತಿತು.

ಈ ವರ್ಷಗಳನ್ನು ಕಂಡೊಡನೆಯೇ ಕಾರಣ ಹೊಳೆಯುತ್ತದೆ. ಅದು ಮಹಾಯುದ್ಧದ ಕಾಲ. ಆಡ್ರಿಯಾಟಿಕ್ ರಣರಂಗವಾಗಿದ್ದುದರಿಂದ ಮೀನುಗಾರರು ದೋಣಿಗಳನ್ನು ದಡಕ್ಕೆ ಎಳೆದಿದ್ದರು. ಬಲೆ ಬೀಸುವವರು ಕಡಮೆಯಾದರೆ ಮೀನುಗಳು ಹೆಚ್ಚುವುದು ಸಹಜವೇ. ಆದರೆ ಹೆಚ್ಚುವುದಾದರೆ ಎಲ್ಲ ಮೀನುಗಳೂ ಹೆಚ್ಚಬೇಕಲ್ಲವೆ? ಶಾಂತಿಯ ಫಲ ತಾಟೆಗೇ ಏಕೆ ದಕ್ಕಿತು? ಡಾಂಕೋನನಿಗೆ ಉತ್ತರ ತಿಳಿಯಲಿಲ್ಲ. ಅವನು ಪ್ರೀತಿಸಿ 1926ರಲ್ಲಿ ಮದುವೆಯಾದ ಲೂಯಿಸಾ ಎಂಬಾಕೆಯ ತಂದೆ ರೋಮ್ ವಿಶ್ವವಿದ್ಯಾಲಯದಲ್ಲಿ ಗಣಿತೀಯ ಭೌತವಿಜ್ಞಾನದ ಪ್ರಾಧ್ಯಾಪಕ, ವಿಟೊ ವೊಲ್ಟೆರ. ಅಳಿಯನು ಪ್ರಶ್ನೆಯನ್ನು ಮಾವನ ಮುಂದೆ ಇಟ್ಟನು.

ವೊಲ್ಟೆರನು 1860ರಲ್ಲಿ ಅದೇ ಆಡ್ರಿಯಾಟಿಕ್ ತೀರದ ಅಂಕೋನದಲ್ಲಿ ಹುಟ್ಟಿದವನು. ಆಗ ಅವನಿಗೆ ಅರುವತ್ತು ದಾಟಿದ್ದಿತು. ಯುದ್ಧಕಾಲದಲ್ಲಿ, ಐವತ್ತೈದರ ವಯಸ್ಸಿನಲ್ಲಿ, ತಾನಾಗಿ ಸೈನ್ಯಕ್ಕೆ ಸೇರಿ ವಾಯುನೌಕೆಗಳ ವಿಷಯದಲ್ಲಿ ಕೆಲಸಮಾಡಿದ್ದನು. ಬೆಂಕಿ ಹತ್ತುವ ಜಲಜನಕದ ಬದಲು ಹೀಲಿಯಮನ್ನು ತುಂಬಬೇಕೆಂದು ಸೂಚಿಸಿದವರಲ್ಲಿ ಒಬ್ಬನು. ಮೀನಿನ ಶಾಸ್ತ್ರ ಅವನಿಗೆ ಹೊಸದು. ಆದ್ದರಿಂದಲೇ ಇರಬೇಕು, ಅವನು ಮೀನನ್ನು ಭೌತವಿಜ್ಞಾನಿ ಅನಿಲದ ಅಣುವನ್ನು ನೋಡುವಂತೆ ನೋಡಿದನು.

ಅವನ ವಾದವನ್ನು ಕಾಲೇಜಿನ ವಿದ್ಯಾರ್ಥಿಗಳು ಮಾತ್ರವಲ್ಲದೆ ಪ್ರೌಢಶಾಲೆಯವರೂ ಹಿಂಬಾಲಿಸಬಹುದು. ಸಮುದ್ರದಲ್ಲಿರುವ ಸಣ್ಣ ಮೀನುಗಳ ಸಂಖ್ಯೆಯನ್ನು ಕ್ಷ ಎಂದೂ ಅವುಗಳನ್ನು ತಿನ್ನುವ ತಾಟೆಗಳ ಸಂಖ್ಯೆಯನ್ನು ಯ ಎಂದೂ ಕರೆಯೋಣ. ತಾಟೆಯ ಕಾಟವಿಲ್ಲದಿದ್ದರೆ ಸಣ್ಣ ಮೀನುಗಳು ಚಕ್ರಬಡ್ಡಿಯಂತೆ ಬೆಳೆಯುತ್ತವೆ: ಎಷ್ಟಿವೆಯೋ ಅಷ್ಟಕ್ಕೆ ತಕ್ಕಂತೆ ಹೆಚ್ಚು. ತಿನ್ನಲು ಮೀನಿಲ್ಲದಿದ್ದರೆ ತಾಟೆಗಳು ಅದೇ ರೀತಿಯಲ್ಲಿ ಕ್ಷೀಣಿಸುತ್ತವೆ. ಇನ್ನು ಎರಡೂ ಕೂಡಿರುವಾಗ ಒಂದು ಇನ್ನೊಂದಕ್ಕೆ ಎದುರಾಗುವುದು ಎಷ್ಟು ಸಲ? ಅನಿಲಪಾತ್ರೆಯಲ್ಲಿ ಎರಡು ಬಗೆಯ ಅಣುಗಳು ಡಿಕ್ಕಿ ಹೊಡೆಯುವುದು ಎರಡರ ಸಂಖ್ಯೆಗಳ ಗುಣಲಬ್ಧಕ್ಕೆ ಅನುಗುಣವಾಗಿ ಅಲ್ಲವೆ? ಇಲ್ಲಿಯೂ ಹಾಗೆಯೇ. ಪ್ರತಿಯೊಂದು ಭೇಟಿಯೂ ಸಣ್ಣ ಮೀನಿಗೆ ನಷ್ಟ, ತಾಟೆಗೆ ಲಾಭ. ಆದ್ದರಿಂದ,

ಕ್ಷ ಹೆಚ್ಚುವ ದರ = ಕ × ಕ್ಷ − ಖ × ಕ್ಷ × ಯ

ಯ ಹೆಚ್ಚುವ ದರ = ಗ × ಕ್ಷ × ಯ − ಘ × ಯ

ಕ, ಖ, ಗ, ಘ ಎಂಬುವು ನಾಲ್ಕು ಸ್ಥಿರಾಂಕಗಳು. ಮೊದಲನೆಯದು ಸಣ್ಣ ಮೀನಿನ ಸಂತಾನಶಕ್ತಿ, ಕೊನೆಯದು ಹಸಿದ ತಾಟೆಯ ಸಾವಿನ ದರ, ನಡುವಿನ ಎರಡು ಬೇಟೆಯ ಕೌಶಲಕ್ಕೆ ಸಂಬಂಧಪಟ್ಟವು. ಸಮುದ್ರದ ಉಪ್ಪು, ಅಲೆ, ಋತು, ಮೀನಿನ ವಯಸ್ಸು ಎಲ್ಲವೂ ಬಿಟ್ಟುಹೋದುವೆಂದು ಪ್ರಾಣಿಶಾಸ್ತ್ರದ ವಿದ್ಯಾರ್ಥಿ ಆಕ್ಷೇಪಿಸಬಹುದು. ಅದು ನಿಜವೇ. ಗೆಲಿಲಿಯೊ ಕೂಡ ಬೀಳುವ ಕಲ್ಲಿನ ವಿಷಯದಲ್ಲಿ ಗಾಳಿಯ ತಡೆಯನ್ನು ಬಿಟ್ಟೇ ಆರಂಭಿಸಿದನು. ಬಿಟ್ಟುದರಿಂದ ಏನು ಸಿಕ್ಕಿತೆಂಬುದು ಮುಖ್ಯ.

ಮೊದಲು, ಎರಡೂ ಹೆಚ್ಚದೆ ಕಡಮೆಯಾಗದೆ ನಿಲ್ಲುವ ಸ್ಥಿತಿ ಯಾವುದೆಂದು ನೋಡೋಣ. ಬಲಭಾಗಗಳನ್ನು ಸೊನ್ನೆಗೆ ಸಮನಾಗಿಸಿದರೆ ಸಣ್ಣ ಮೀನುಗಳ ಸಂಖ್ಯೆ ಘ/ಗ, ತಾಟೆಗಳ ಸಂಖ್ಯೆ ಕ/ಖ ಎಂದು ಬರುತ್ತದೆ. ಇಲ್ಲಿ ಒಂದು ಸೋಜಿಗವಿದೆ. ಸಣ್ಣ ಮೀನುಗಳ ಸಂಖ್ಯೆಯನ್ನು ಗೊತ್ತುಮಾಡುವ ಸ್ಥಿರಾಂಕಗಳೆರಡೂ ತಾಟೆಯವು; ತಾಟೆಗಳ ಸಂಖ್ಯೆಯನ್ನು ಗೊತ್ತುಮಾಡುವುವು ಸಣ್ಣ ಮೀನಿನವು! ಸಣ್ಣ ಮೀನು ಇನ್ನೂ ಬೇಗ ಮರಿಮಾಡತೊಡಗಿದರೆ ಅದರಿಂದ ಅದರ ಸಂಖ್ಯೆ ಹೆಚ್ಚುವುದಿಲ್ಲ, ತಾಟೆಗಳ ಸಂಖ್ಯೆ ಹೆಚ್ಚುತ್ತದೆ. ದುಡಿದವನೊಬ್ಬ, ಉಂಡವನೊಬ್ಬ.

ಸಮತೋಲದಿಂದ ಸ್ವಲ್ಪ ಕದಲಿಸಿದರೆ ಏನಾಗುವುದು? ಸಣ್ಣ ಮೀನುಗಳು ಹೆಚ್ಚಿದುವೆನ್ನೋಣ. ಆಹಾರ ಸಮೃದ್ಧಿಯಾಗಿ ತಾಟೆಗಳು ಹೆಚ್ಚುತ್ತವೆ. ತಾಟೆಗಳು ಹೆಚ್ಚಿ ಸಣ್ಣ ಮೀನುಗಳು ಕುಗ್ಗುತ್ತವೆ. ಅವು ಕುಗ್ಗಿದಮೇಲೆ ಹಸಿದ ತಾಟೆಗಳೂ ಕುಗ್ಗುತ್ತವೆ. ಕಾಟ ತಪ್ಪಿದ ಸಣ್ಣ ಮೀನುಗಳು ಮತ್ತೆ ಹೆಚ್ಚುತ್ತವೆ. ಹೀಗೆ ಎರಡು ಸಂಖ್ಯೆಗಳೂ ಲೋಲಕದಂತೆ ಏರಿಳಿಯುತ್ತಿರುತ್ತವೆ. ತಾಟೆಯ ಏರಿಳಿತ ಸಣ್ಣ ಮೀನಿನದಕ್ಕಿಂತ ಸುಮಾರು ಕಾಲು ಆವರ್ತದಷ್ಟು ಹಿಂದೆ ಬೀಳುತ್ತದೆ. ಸಣ್ಣ ಏರಿಳಿತವಾದರೆ ಅದರ ಆವರ್ತಕಾಲವನ್ನೂ ಲೆಕ್ಕಹಾಕಬಹುದು: ಕ ಮತ್ತು ಘಗಳ ಗುಣಲಬ್ಧದ ವರ್ಗಮೂಲದಿಂದ 2π ಅನ್ನು ಭಾಗಿಸಿದರೆ ಸಾಕು. ಲೋಲಕದ ಸೂತ್ರವನ್ನು ಬಲ್ಲವರಿಗೆ ಇದರ ಮುಖಚಹರೆ ಪರಿಚಿತವಾದುದೇ.

ಇನ್ನು ಡಾಂಕೋನನ ಒಗಟು. ಮೊದಲನೆಯ ಸಮೀಕರಣದ ಎರಡು ಕಡೆಗಳನ್ನೂ ಕ್ಷ-ದಿಂದ ಭಾಗಿಸಿದರೆ ಎಡಗಡೆ ಉಳಿಯುವುದು ಕ್ಷ-ದ ಲಾಗರಿದಮ್ ಹೆಚ್ಚುವ ದರ. ಬಲಗಡೆ ಕ − ಖ × ಯ. ಒಂದು ಪೂರ್ಣ ಆವರ್ತ ಮುಗಿದಾಗ ಕ್ಷ ಹೊರಟಲ್ಲಿಗೇ ಮರಳಿರುತ್ತದೆ, ಆದ್ದರಿಂದ ಅದರ ಲಾಗರಿದಮ್ಮಿನ ಒಟ್ಟು ಹೆಚ್ಚಳ ಸೊನ್ನೆ. ಎಂದಮೇಲೆ ಬಲಗಡೆಯ ಸರಾಸರಿಯೂ ಸೊನ್ನೆ. ಯ-ದ ಸರಾಸರಿ ಬೆಲೆ ಕ/ಖ ಆಗಲೇಬೇಕು. ಅದೇ ರೀತಿ ಕ್ಷ-ದ ಸರಾಸರಿ ಘ/ಗ. ಏರಿಳಿತ ಎಷ್ಟೇ ದೊಡ್ಡದಾಗಲಿ, ಚಿಕ್ಕದಾಗಲಿ, ಸರಾಸರಿಗಳು ಸಮತೋಲದ ಸಂಖ್ಯೆಗಳೇ. ನಾಲ್ಕು ಸಾಲಿನ ಈ ಸಾಧನೆ ನನಗೆ ಬಹಳ ಮೆಚ್ಚಿಕೆಯಾದುದು. ತರಗತಿಯಲ್ಲಿ ಅನುಕಲನವನ್ನು ಕಲಿತ ಯಾರೂ ಇದನ್ನು ಒಮ್ಮೆ ಕೈಯಾರೆ ಮಾಡಿನೋಡದೆ ಬಿಡಬಾರದು.

ಈಗ ಮೀನುಗಾರನನ್ನು ಕರೆತರೋಣ. ಅವನ ಬಲೆ ಸಣ್ಣದು ದೊಡ್ಡದೆಂದು ನೋಡದೆ ಎರಡನ್ನೂ ಒಂದೇ ದರದಲ್ಲಿ, ಚ ಎಂಬ ದರದಲ್ಲಿ, ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಸಣ್ಣ ಮೀನಿನ ಸಂತಾನಶಕ್ತಿ ಕ ಇದ್ದುದು ಕ − ಚ ಆಯಿತು. ತಾಟೆಯ ಸಾವಿನ ದರ ಘ ಇದ್ದುದು ಘ + ಚ ಆಯಿತು. ಬೇರೇನೂ ಬದಲಾಗಲಿಲ್ಲ. ಹಾಗಾದರೆ ಸಣ್ಣ ಮೀನುಗಳ ಸರಾಸರಿ (ಘ + ಚ)/ಗ, ಎಂದರೆ ಮೊದಲಿಗಿಂತ ಹೆಚ್ಚು. ತಾಟೆಗಳ ಸರಾಸರಿ (ಕ − ಚ)/ಖ, ಎಂದರೆ ಮೊದಲಿಗಿಂತ ಕಡಮೆ. ಬಲೆ ಬೀಸಿದಷ್ಟೂ ಸಣ್ಣ ಮೀನು ಹೆಚ್ಚುತ್ತದೆ! ಚ ಎಂಬುದು ಕ-ವನ್ನು ಮೀರದಿರಬೇಕು, ಅಷ್ಟೆ. ಮೀರಿದರೆ ಎರಡೂ ನಾಶ.

ಸಂಖ್ಯೆಗಳಿಟ್ಟು ನೋಡುವುದಾದರೆ, ವಿವರಣೆಗಾಗಿ ಕ = 1, ಖ = 1/100, ಗ = 1/1000, ಘ = 1/2 ಎನ್ನೋಣ. ಬಲೆಯಿಲ್ಲದಾಗ ಸರಾಸರಿ 500 ಸಣ್ಣ ಮೀನು, 100 ತಾಟೆ; ತಾಟೆಗಳ ಪಾಲು ನೂರಕ್ಕೆ ಸುಮಾರು 16.7. ಚ = 0.2 ಆಗುವಷ್ಟು ಮೀನು ಹಿಡಿದರೆ 700 ಸಣ್ಣ ಮೀನು, 80 ತಾಟೆ. ತಾಟೆಗಳ ಪಾಲು ನೂರಕ್ಕೆ 10.3. ಯುದ್ಧ ಬಂದು ಬಲೆಗಳು ನಿಂತಾಗ ಲೆಕ್ಕ ಹಿಂದುಮುಂದಾಗುತ್ತದೆ. ಫಿಯೂಮೆಯ ಪೇಟೆಯಲ್ಲಿ ಕಂಡುದು ಇದೇ.

ವೊಲ್ಟೆರನು ಇದನ್ನು 1926ರಲ್ಲಿ ಪ್ರಕಟಿಸಿದನು. ಹತ್ತು ವರ್ಷಗಳ ಪೇಟೆಯ ಲೆಕ್ಕ ಒಂದು ಸಿದ್ಧಾಂತಕ್ಕೆ ಪೂರ್ಣ ಪ್ರಮಾಣವಾಗಲಾರದು. ಯುದ್ಧಕಾಲದಲ್ಲಿ ದೋಣಿಗಳು ಹೋಗುತ್ತಿದ್ದ ಸ್ಥಳ, ಕೊಳ್ಳುವವರ ಅಭಿರುಚಿ ಎಲ್ಲವೂ ಬದಲಾಗಿರಬಹುದು. ಆದರೆ ಈ ತತ್ತ್ವಕ್ಕೆ ಬೇರೆ ಕಡೆಯಿಂದಲೂ ಸಾಕ್ಷ್ಯ ದೊರೆಯಿತು. ಆಸ್ಟ್ರೇಲಿಯದಿಂದ ಕ್ಯಾಲಿಫೋರ್ನಿಯಕ್ಕೆ 1868ರ ಸುಮಾರಿಗೆ ಬಂದು ಸೇರಿದ, ಹತ್ತಿಯಂಥ ಬಿಳಿ ಹೊದಿಕೆಯ ಒಂದು ಶಲ್ಕಕೀಟ ಅಲ್ಲಿಯ ಕಿತ್ತಳೆ ತೋಟಗಳನ್ನು ಹಾಳುಮಾಡುತ್ತಿತ್ತು. 1888–89ರಲ್ಲಿ ಅದರ ಶತ್ರುವಾದ ಒಂದು ಗುಲಗಂಜಿ ಹುಳುವನ್ನು ಆಸ್ಟ್ರೇಲಿಯದಿಂದಲೇ ತಂದು ಬಿಟ್ಟಾಗ ಕಾಟ ಅಡಗಿತು. (ನಮ್ಮ ನೀಲಗಿರಿಯ ವಾಟಲ್ ಮರಗಳಿಗೆ ಇದೇ ಕೀಟ ತಗುಲಿದಾಗ ಇದೇ ಗುಲಗಂಜಿ ಹುಳುವನ್ನು ತರಿಸಿ ಬಿಡಲಾಯಿತು.) ಮುಂದೆ 1940ರ ದಶಕದಲ್ಲಿ ಡಿ.ಡಿ.ಟಿ. ಬಂದಿತು. ಉಳಿದ ಕೀಟಗಳನ್ನೂ ತೊಲಗಿಸಿಬಿಡೋಣವೆಂದು ಬೆಳೆಗಾರರು ಅದನ್ನು ತೋಟಗಳಿಗೆ ಸಿಂಪಡಿಸಿದರು. ಆಗ ಅಡಗಿದ್ದ ಶಲ್ಕಕೀಟವೇ ಮತ್ತೆ ಹಬ್ಬಿಕೊಂಡಿತು! ವಿಷವೂ ಒಂದು ಬಲೆಯೇ ತಾನೆ? ಭಕ್ಷಕ, ಭಕ್ಷ್ಯ ಎರಡನ್ನೂ ಕೊಲ್ಲುವ ಬಲೆಯಿಂದ ಲಾಭ ಪಡೆಯುವುದು ಭಕ್ಷ್ಯವೇ. ಬೆಳೆಯ ಮೇಲೆ ಔಷಧಿ ಹೊಡೆಯುವವರು ಇಪ್ಪತ್ತು ವರ್ಷ ಮೊದಲೇ ಅಚ್ಚಾಗಿದ್ದ ಈ ಸಮೀಕರಣಗಳನ್ನು ಓದಿರಲಿಲ್ಲ. ಓದುವ ಗಣಿತಜ್ಞರಿಗೆ ಬೆಳೆಯ ಚಿಂತೆ ಇರಲಿಲ್ಲ.

ಇವೇ ಸಮೀಕರಣಗಳನ್ನು ಅಮೆರಿಕದಲ್ಲಿ ಆಲ್ಫ್ರೆಡ್ ಲೋಟ್ಕ ಎಂಬಾತನು ವೊಲ್ಟೆರನಿಗಿಂತ ಮೊದಲೇ, 1920ರಲ್ಲಿಯೇ, ಬರೆದಿದ್ದನು. ಅವನು ರಸಾಯನಶಾಸ್ತ್ರದಿಂದ ಬಂದವನು, ಮುಂದೆ ಒಂದು ಜೀವವಿಮಾ ಕಂಪನಿಯಲ್ಲಿ ಜನಸಂಖ್ಯೆಯ ಲೆಕ್ಕ ಮಾಡುತ್ತಿದ್ದವನು. ತನ್ನ ಆದ್ಯತೆಯನ್ನು ಸೂಚಿಸಿ ಪತ್ರ ಬರೆದಾಗ ವೊಲ್ಟೆರನು ಅದನ್ನು ಒಪ್ಪಿಕೊಂಡನು. ಆದ್ದರಿಂದ ಈಗ ಇಬ್ಬರ ಹೆಸರನ್ನೂ ಸೇರಿಸಿ ಹೇಳುವುದು ವಾಡಿಕೆ.

ವೊಲ್ಟೆರನ ವಿಷಯದಲ್ಲಿ ಇನ್ನೊಂದು ಮಾತನ್ನು ಹೇಳದೆ ಮುಂದುವರಿಯಲಾರೆ. 1931ರಲ್ಲಿ ಮುಸೊಲಿನಿಯ ಸರ್ಕಾರವು ವಿಶ್ವವಿದ್ಯಾಲಯದ ಪ್ರತಿಯೊಬ್ಬ ಪ್ರಾಧ್ಯಾಪಕನೂ ಫ್ಯಾಸಿಸ್ಟ್ ಆಡಳಿತಕ್ಕೆ ನಿಷ್ಠೆಯ ಪ್ರತಿಜ್ಞೆ ಮಾಡಬೇಕೆಂದು ವಿಧಿಸಿತು. ಸುಮಾರು ಸಾವಿರದ ಇನ್ನೂರು ಮಂದಿಯಲ್ಲಿ ಹನ್ನೆರಡು ಮಂದಿ ಮಾತ್ರ ನಿರಾಕರಿಸಿದರು. ಎಪ್ಪತ್ತೊಂದು ವರ್ಷದ ವೊಲ್ಟೆರ ಅವರಲ್ಲಿ ಒಬ್ಬನು. ಪೀಠ ಹೋಯಿತು, ಬಳಿಕ ಇಟಲಿಯ ವಿದ್ವತ್ಸಂಸ್ಥೆಗಳ ಸದಸ್ಯತ್ವವೂ ಹೋಯಿತು. ಜೀವಿಗಳ ಹೋರಾಟದ ಗಣಿತವನ್ನು ಅವನು ಮುಂದುವರಿಸಿದುದು ಪದವಿಯಿಲ್ಲದ ಪಂಡಿತನಾಗಿ. 1940ರಲ್ಲಿ ರೋಮಿನಲ್ಲಿ ತೀರಿಕೊಂಡನು.

ಈ ಸಮೀಕರಣಗಳು ಸುಂದರವಾದುವು. ಆದರೆ ಅವುಗಳಲ್ಲಿ ಒಂದು ದೋಷವಿದೆ. ಘರ್ಷಣೆಯಿಲ್ಲದ ಲೋಲಕವನ್ನು ಎಷ್ಟು ದೂರ ಎಳೆದು ಬಿಟ್ಟರೆ ಅಷ್ಟೇ ದೂರ ತೂಗುತ್ತಿರುತ್ತದೆ. ಒಟ್ಟು ಶಕ್ತಿ ಬದಲಾಗುವುದಿಲ್ಲ. ವೊಲ್ಟೆರನ ಸಮುದ್ರವೂ ಹಾಗೆಯೇ. ಅಲ್ಲಿಯೂ ಶಕ್ತಿಯಂತೆ ಬದಲಾಗದ ಒಂದು ರಾಶಿಯಿದೆ. ಏರಿಳಿತದ ಗಾತ್ರವನ್ನು ಆರಂಭದ ಸಂಖ್ಯೆಗಳೇ ಶಾಶ್ವತವಾಗಿ ನಿರ್ಧರಿಸುತ್ತವೆ. ಲೋಕದಲ್ಲಿ ಘರ್ಷಣೆಯಿಲ್ಲದ ಲೋಲಕವಿಲ್ಲ. ಸಣ್ಣ ಮೀನಿಗೂ ಆಹಾರದ ಮಿತಿಯಿದೆ ಎಂಬ ಒಂದು ಪದವನ್ನು ಸಮೀಕರಣಕ್ಕೆ ಸೇರಿಸಿದೊಡನೆಯೇ ಏರಿಳಿತ ಕ್ರಮೇಣ ಅಡಗಿ ಸಮತೋಲದಲ್ಲಿ ನಿಲ್ಲುತ್ತದೆ. ಅದರ ಬದಲು, ಹೊಟ್ಟೆ ತುಂಬಿದ ತಾಟೆ ಬೇಟೆಯಾಡುವುದಿಲ್ಲ ಎಂಬ ಪದವನ್ನು ಸೇರಿಸಿದರೆ ಏರಿಳಿತ ಬೆಳೆಯುತ್ತ ಹೋಗುತ್ತದೆ. ಇಷ್ಟು ಸಣ್ಣ ಸೇರ್ಪಡೆಯಿಂದ ಸ್ವಭಾವವೇ ಬದಲಾಗುವ ಸಮೀಕರಣವನ್ನು ಪ್ರಕೃತಿಯ ನಿಯಮವೆಂದು ಕರೆಯಲು ಭೌತವಿಜ್ಞಾನಿ ಹಿಂಜರಿಯುತ್ತಾನೆ.

ಮಾಸ್ಕೊ ನಗರದ ತರುಣ ಗೌಸೆ ಇದನ್ನು ಪ್ರಯೋಗದ ಮೂಲಕ ಪರೀಕ್ಷಿಸಲು ಹೊರಟನು. 1910ರಲ್ಲಿ ಹುಟ್ಟಿದ ಅವನು ಈ ಪ್ರಯೋಗಗಳ ಪುಸ್ತಕವನ್ನು ಪ್ರಕಟಿಸಿದುದು 1934ರಲ್ಲಿ. ಆಗ ಅವನಿಗೆ ಇಪ್ಪತ್ತನಾಲ್ಕು ತುಂಬಿರಲಿಲ್ಲವೋ, ತುಂಬಿತ್ತೋ. ಪ್ರಯೋಗನಳಿಕೆಗಳೇ ಅವನ ಸಮುದ್ರ. ಪ್ಯಾರಮೀಸಿಯಮ್ ಎಂಬ ಏಕಕೋಶ ಜೀವಿ ಸಣ್ಣ ಮೀನು. ಅದನ್ನು ಇಡಿಯಾಗಿ ನುಂಗುವ ಡೈಡಿನಿಯಮ್ ತಾಟೆ. ಲೋಲಕ ತೂಗಲೇ ಇಲ್ಲ. ಡೈಡಿನಿಯಮ್ ಪ್ಯಾರಮೀಸಿಯಮನ್ನು ಕೊನೆಯದರವರೆಗೂ ತಿಂದು, ಆಮೇಲೆ ತಾನೂ ಹಸಿದು ಸತ್ತಿತು. ನಳಿಕೆಯ ತಳದಲ್ಲಿ ಗಸಿ ಇಟ್ಟು ಅಡಗಲು ಸ್ಥಳ ಕೊಟ್ಟಾಗ, ಹೊರಗಿದ್ದುವನ್ನೆಲ್ಲ ತಿಂದು ಡೈಡಿನಿಯಮ್ ಸತ್ತಿತು. ಅಡಗಿದ್ದುವು ಹೊರಬಂದು ಹೆಚ್ಚಿಕೊಂಡುವು. ಕೆಲವು ದಿನಗಳಿಗೊಮ್ಮೆ ಹೊರಗಿನಿಂದ ಎರಡನ್ನೂ ಒಂದೊಂದು ಬಿಡುತ್ತ ಹೋದಾಗ ಮಾತ್ರ ಏರಿಳಿತ ಕಾಣಿಸಿತು. ಇಪ್ಪತ್ತು ವರ್ಷಗಳ ಮೇಲೆ ಅಮೆರಿಕದ ಹಫಕರ್ ಎಂಬಾತನು ಕಿತ್ತಳೆ ಹಣ್ಣುಗಳ ಮೇಲೆ ಬದುಕುವ ನುಸಿಗಳಿಂದ ಇದೇ ಪಾಠವನ್ನು ಕಲಿತನು. ಹಣ್ಣುಗಳನ್ನು ಸುಮ್ಮನೆ ಒಟ್ಟಿಗಿಟ್ಟಾಗ ಭಕ್ಷಕ ನುಸಿ ಎಲ್ಲವನ್ನೂ ತಿಂದು ಮುಗಿಸಿತು. 120 ಹಣ್ಣುಗಳನ್ನು ಹರಡಿ, ನಡುನಡುವೆ ವ್ಯಾಸಲೀನಿನ ಅಡ್ಡಗೋಡೆಗಳನ್ನು ಹಾಕಿ, ಭಕ್ಷ್ಯ ನುಸಿಗಳು ನೂಲು ಬಿಟ್ಟು ಗಾಳಿಯಲ್ಲಿ ತೇಲಿಹೋಗಲು ಸಣ್ಣ ಕಡ್ಡಿಗಳನ್ನು ನೆಟ್ಟಾಗ ಮೂರು ಪೂರ್ಣ ಏರಿಳಿತಗಳು ಕಂಡುಬಂದುವು. 1958ರಲ್ಲಿ ಪ್ರಕಟವಾದ ಈ ಪ್ರಯೋಗ ತಿಳಿಸುವುದೇನು? ಸಣ್ಣ ಮೀನು ಉಳಿದಿರುವುದಕ್ಕೆ ಒಂದು ಕಾರಣ ಸಮುದ್ರದ ವಿಸ್ತಾರ. ಒಂದು ಕಡೆ ನಾಶವಾದರೂ ಇನ್ನೊಂದು ಕಡೆ ಓಡಿಹೋಗಿ ಸಂಸಾರ ಹೂಡುವ ಅವಕಾಶವಿರಬೇಕು. ವೊಲ್ಟೆರನ ಸಮೀಕರಣದಲ್ಲಿ ಸ್ಥಳವೆಂಬುದೇ ಇಲ್ಲ.

ಪಠ್ಯಪುಸ್ತಕಗಳು ವೊಲ್ಟೆರನ ಏರಿಳಿತಕ್ಕೆ ಕೆನಡದ ಲಿಂಕ್ಸ್ ಎಂಬ ಕಾಡುಬೆಕ್ಕನ್ನೂ ಅದು ತಿನ್ನುವ ಮೊಲವನ್ನೂ ಉದಾಹರಿಸುವುದುಂಟು. ತುಪ್ಪಳಿನ ವ್ಯಾಪಾರ ಮಾಡುತ್ತಿದ್ದ ಹಡ್ಸನ್ಸ್ ಬೇ ಕಂಪನಿಯ ಕಡತಗಳಲ್ಲಿ ಈ ಎರಡರ ಚರ್ಮಗಳ ಸಂಖ್ಯೆ ಸುಮಾರು ಹತ್ತು ವರ್ಷಗಳಿಗೊಮ್ಮೆ ಏರಿ ಇಳಿಯುವುದೇನೋ ನಿಜ. ಆದರೆ 1973ರಲ್ಲಿ ಗಿಲ್ಪಿನ್ ಎಂಬಾತನು ಆ ಅಂಕಿಗಳನ್ನು ಸಮೀಕರಣಗಳಿಗೆ ಹೊಂದಿಸಿ ನೋಡಿದಾಗ, ಕೆಲವು ದಶಕಗಳಲ್ಲಿ ಏರಿಳಿತದ ಸರದಿ ತಿರುವುಮುರುವಾಗಿ, ಮೊದಲು ಲಿಂಕ್ಸ್ ಹೆಚ್ಚಿ ಆಮೇಲೆ ಮೊಲ ಹೆಚ್ಚಿದಂತೆ ಕಂಡಿತು. ಮೊಲಗಳು ಲಿಂಕ್ಸ್‌ಗಳನ್ನು ತಿನ್ನುತ್ತವೆಯೆ ಎಂಬ ಪ್ರಶ್ನೆಯನ್ನೇ ಅವನು ತನ್ನ ಲೇಖನಕ್ಕೆ ಶೀರ್ಷಿಕೆಯಾಗಿ ಕೊಟ್ಟನು! ಚರ್ಮಗಳ ಲೆಕ್ಕ ಪ್ರಾಣಿಗಳ ಲೆಕ್ಕವಲ್ಲ. ಬೋನು ಹೂಡುವವನ ಮನಸ್ಸೂ ಅದರಲ್ಲಿ ಸೇರಿರುತ್ತದೆ. ಕೊನೆಗೆ ಯೂಕಾನ್ ಪ್ರದೇಶದ ಕಾಡಿನಲ್ಲಿ ಎಂಟು ವರ್ಷ ಪ್ರಯೋಗ ನಡೆಸಿದವರು 1995ರಲ್ಲಿ ಕೊಟ್ಟ ಲೆಕ್ಕ ಹೀಗಿದೆ: ಭಕ್ಷಕಗಳನ್ನು ಬೇಲಿಯಿಂದಾಚೆ ಇಟ್ಟಲ್ಲಿ ಮೊಲಗಳು ಎರಡು ಪಟ್ಟು, ಹೆಚ್ಚಿನ ಆಹಾರ ಕೊಟ್ಟಲ್ಲಿ ಮೂರು ಪಟ್ಟು, ಎರಡನ್ನೂ ಮಾಡಿದಲ್ಲಿ ಹನ್ನೊಂದು ಪಟ್ಟು. ಎರಡು ಮೂರಲ ಆರು ಎಂದು ನಿರೀಕ್ಷಿಸಿದವನಿಗೆ ಇಲ್ಲಿ ಯೋಚನೆಗೆ ಸಾಮಗ್ರಿಯಿದೆ.

ತಿನ್ನುವ ಮತ್ತು ತಿನ್ನಿಸಿಕೊಳ್ಳುವ ಸಂಬಂಧ ಹೀಗಾದರೆ, ಒಂದೇ ಆಹಾರಕ್ಕಾಗಿ ಹೊಡೆದಾಡುವ ಎರಡು ಪ್ರಭೇದಗಳ ಗತಿಯೇನು? ಒಂದು ಕೊಳದಲ್ಲಿ ಮೊದಲನೆಯ ಪ್ರಭೇದ ಒಂಟಿಯಾಗಿದ್ದರೆ 100ರ ವರೆಗೆ ಬೆಳೆಯಬಲ್ಲುದು, ಎರಡನೆಯದು ಒಂಟಿಯಾಗಿದ್ದರೆ 80ರ ವರೆಗೆ ಎಂದಿಟ್ಟುಕೊಳ್ಳೋಣ. ಎರಡನೆಯದರ ಒಂದು ಜೀವಿ ಮೊದಲನೆಯದರ ಎಷ್ಟು ಜೀವಿಗಳಿಗೆ ಸಮನಾಗಿ ಅದರ ಆಹಾರವನ್ನು ಕಬಳಿಸುತ್ತದೆ ಎಂಬುದನ್ನು ಒಂದು ಗುಣಾಂಕದಿಂದ ಸೂಚಿಸಬಹುದು. ಕೊಳದಲ್ಲಿ ಎರಡನೆಯದೇ ತುಂಬಿ 80 ಇರುವಾಗ ಮೊದಲನೆಯದರ ಒಂದೇ ಒಂದು ಜೀವಿಯನ್ನು ತಂದು ಬಿಡಿ. ಅದಕ್ಕೆ ಅನ್ನವುಂಟೆ? ಗುಣಾಂಕ 1.25ಕ್ಕಿಂತ ಕಡಮೆಯಿದ್ದರೆ 80 ಪರಕೀಯರು ತನ್ನವರು 100ಕ್ಕಿಂತ ಕಡಮೆ ಇದ್ದಂತೆ. ಆಗ ಆಗಂತುಕನಿಗೆ ಸ್ಥಳವುಂಟು. ಅದೇ ರೀತಿ ಮೊದಲನೆಯದೇ ತುಂಬಿ 100 ಇರುವಾಗ ಎರಡನೆಯದು ನೆಲೆಯೂರಬೇಕಾದರೆ ಅದರ ಮೇಲಿನ ಗುಣಾಂಕ 0.8ಕ್ಕಿಂತ ಕಡಮೆಯಿರಬೇಕು. ಎರಡು ಪರೀಕ್ಷೆಗಳಲ್ಲಿಯೂ ಆಗಂತುಕನು ಗೆದ್ದರೆ ಯಾರೂ ಯಾರನ್ನೂ ಓಡಿಸಲಾರರು, ಸಹಬಾಳ್ವೆ ಶಕ್ಯ. ಮಾತಿನಲ್ಲಿ ಹೇಳುವುದಾದರೆ, ಪ್ರತಿಯೊಂದು ಪ್ರಭೇದಕ್ಕೂ ಪರರಿಂದಾಗುವ ಅಡ್ಡಿಗಿಂತ ತನ್ನವರಿಂದಾಗುವ ಅಡ್ಡಿಯೇ ಹೆಚ್ಚಾಗಿರಬೇಕು. ದಾಯಾದಿಗಳ ಕಲಹ ತೀವ್ರವಾಗಿದ್ದಷ್ಟೂ ನೆರೆಯವನು ನೆಮ್ಮದಿಯಾಗಿರುತ್ತಾನೆ.

ಗೌಸೆ ಇದನ್ನೂ ನಳಿಕೆಯಲ್ಲಿ ತೋರಿಸಿದನು. ಪ್ಯಾರಮೀಸಿಯಮ್ ಆರೀಲಿಯ, ಪ್ಯಾರಮೀಸಿಯಮ್ ಕಾಡೇಟಮ್ ಎಂಬ ಎರಡು ಪ್ರಭೇದಗಳು ಬೇರೆಬೇರೆಯಾಗಿ ಸುಖವಾಗಿ ಬೆಳೆದುವು. ಒಟ್ಟಿಗಿಟ್ಟಾಗ ಕಾಡೇಟಮ್ ನಾಶವಾಯಿತು. ಆದರೆ ಅದೇ ಕಾಡೇಟಮನ್ನು ಬರ್ಸೇರಿಯ ಎಂಬ ಮೂರನೆಯ ಪ್ರಭೇದದೊಡನೆ ಇಟ್ಟಾಗ ಎರಡೂ ಉಳಿದುವು. ಒಂದು ನೀರಿನಲ್ಲಿ ತೇಲುವ ಆಹಾರವನ್ನೂ ಇನ್ನೊಂದು ತಳಕ್ಕೆ ಇಳಿದ ಆಹಾರವನ್ನೂ ಹೆಚ್ಚಾಗಿ ತಿನ್ನುತ್ತಿದ್ದುದೇ ಇದಕ್ಕೆ ಕಾರಣ. 1976–77ರಲ್ಲಿ ಟಿಲ್ಮನ್ ಎಂಬಾತನು ಎರಡು ಬಗೆಯ ಡಯಾಟಮ್ ಪಾಚಿಗಳಿಂದ ಇನ್ನೂ ಖಚಿತವಾದ ಫಲವನ್ನು ಪಡೆದನು. ಒಂದಕ್ಕೆ ಅತ್ಯಲ್ಪ ರಂಜಕದಲ್ಲಿ ಬದುಕುವ ಸಾಮರ್ಥ್ಯ. ಇನ್ನೊಂದಕ್ಕೆ ಅತ್ಯಲ್ಪ ಸಿಲಿಕದಲ್ಲಿ. ನೀರಿನಲ್ಲಿ ರಂಜಕ ವಿರಳವಾದರೆ ಮೊದಲನೆಯದಕ್ಕೆ ಜಯ, ಸಿಲಿಕ ವಿರಳವಾದರೆ ಎರಡನೆಯದಕ್ಕೆ; ನಡುವಣ ಪ್ರಮಾಣದಲ್ಲಿ ಎರಡೂ ಬಾಳಿದುವು.

ಈ ಲೆಕ್ಕದ ಪ್ರಕಾರ ಸಮತೋಲದಲ್ಲಿರುವ ನೀರಿನಲ್ಲಿ ಎಷ್ಟು ಬಗೆಯ ಪೋಷಕಾಂಶಗಳಿವೆಯೋ ಅಷ್ಟೇ ಬಗೆಯ ಪಾಚಿಗಳು ಬಾಳಬಹುದು. ಒಂದು ಲೋಟ ಕೆರೆಯ ನೀರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರೆ ಪಾಚಿಗಳ ಪ್ರಭೇದಗಳು ಹತ್ತಾರು. ಅವು ಕಿತ್ತಾಡುವ ಪೋಷಕಾಂಶಗಳು ಬೆರಳೆಣಿಕೆಯಷ್ಟು. ಹಚಿನ್ಸನ್ ಎಂಬ ಪ್ರಾಜ್ಞನು 1961ರಲ್ಲಿ ಇದನ್ನು ಪ್ಲವಕಗಳ ವಿರೋಧಾಭಾಸವೆಂದು ಕರೆದನು. ಋತುಗಳು ಬದಲಾಗುತ್ತ ಹೋಗುವುದರಿಂದ ಯಾವ ಸ್ಪರ್ಧೆಯೂ ಕೊನೆಮುಟ್ಟುವುದಿಲ್ಲವೆಂಬುದು ಅವನ ಸೂಚನೆ. ಹೊರಗಿನ ಬದಲಾವಣೆಯೇ ಬೇಕಿಲ್ಲ, ಮೂರು ಅಥವಾ ಹೆಚ್ಚು ಪೋಷಕಾಂಶಗಳಿದ್ದರೆ ಸ್ಪರ್ಧೆಯೇ ಎಡೆಬಿಡದ ಏರಿಳಿತವನ್ನು ಹುಟ್ಟಿಸಿ ಅನೇಕ ಪ್ರಭೇದಗಳಿಗೆ ಎಡೆಮಾಡಿಕೊಡಬಲ್ಲುದು ಎಂದು 1999ರಲ್ಲಿ ಹುಯಿಸ್ಮನ್ ಮತ್ತು ವೈಸಿಂಗ್ ಲೆಕ್ಕಹಾಕಿ ತೋರಿಸಿದರು.

ಎರಡು ಮೂರು ಪ್ರಭೇದಗಳಲ್ಲೇ ಇಷ್ಟು ತೊಡಕಿರುವಾಗ ನೂರಾರು ಪ್ರಭೇದಗಳ ಕಾಡಿನ ಲೆಕ್ಕವನ್ನು ಮಾಡುವುದು ಹೇಗೆ? ಪ್ರತಿಯೊಂದು ಜೋಡಿಯ ಗುಣಾಂಕವನ್ನು ಅಳೆಯಲು ಒಂದು ಜನ್ಮ ಸಾಲದು. ಆಸ್ಟ್ರೇಲಿಯದ ಭೌತವಿಜ್ಞಾನಿ ರಾಬರ್ಟ್ ಮೇ 1972ರಲ್ಲಿ ಇದಕ್ಕೊಂದು ಉಪಾಯ ಮಾಡಿದನು. ಭಾರವಾದ ಪರಮಾಣುಬೀಜದೊಳಗಿನ ಬಲಗಳು ವಿವರವಾಗಿ ತಿಳಿಯದಿದ್ದಾಗ ವಿಗ್ನರನು ಅವುಗಳನ್ನು ಯಾದೃಚ್ಛಿಕ ಸಂಖ್ಯೆಗಳೆಂದು ಭಾವಿಸಿ, ಆ ಸಂಖ್ಯೆಗಳ ಮಾತೃಕೆಯಿಂದ ಬೀಜದ ಶಕ್ತಿಮಟ್ಟಗಳ ಹರವನ್ನು ಕಂಡುಹಿಡಿದಿದ್ದನು. ಮೇ ಅದೇ ಗಣಿತವನ್ನು ಕಾಡಿಗೆ ಅನ್ವಯಿಸಿದನು. ಪ್ರಭೇದಗಳ ಸಂಖ್ಯೆಯನ್ನು, ಯಾವುದೇ ಎರಡರ ನಡುವೆ ಸಂಬಂಧವಿರುವ ಸಂಭವದಿಂದ ಗುಣಿಸಿ, ವರ್ಗಮೂಲ ತೆಗೆದು, ಸಂಬಂಧಗಳ ಸರಾಸರಿ ಬಲದಿಂದ ಗುಣಿಸಬೇಕು. ಬಂದ ಉತ್ತರ 1ಕ್ಕಿಂತ ಕಡಮೆಯಿದ್ದರೆ ವ್ಯವಸ್ಥೆ ಸ್ಥಿರ, ಹೆಚ್ಚಿದ್ದರೆ ಅಸ್ಥಿರ. (ಪ್ರತಿಯೊಂದು ಪ್ರಭೇದವೂ ತನ್ನನ್ನು ತಾನು ಹತೋಟಿಯಲ್ಲಿಟ್ಟುಕೊಳ್ಳುವ ಬಲವನ್ನು ಇಲ್ಲಿ 1 ಎಂದು ಇಟ್ಟುಕೊಂಡಿದೆ.) 25 ಪ್ರಭೇದಗಳಿದ್ದು ಸಂಭವ 0.16 ಆದರೆ ಗುಣಲಬ್ಧ 4, ಅದರ ವರ್ಗಮೂಲ 2, ಬಲ 0.5ನ್ನು ಮೀರುವಂತಿಲ್ಲ. ಪ್ರಭೇದಗಳು 100 ಆದರೆ ಮಿತಿ 0.25ಕ್ಕೆ ಇಳಿಯುತ್ತದೆ.

ಪ್ರಭೇದಗಳು ಹೆಚ್ಚಿ ಸಂಬಂಧಗಳು ಹೆಣೆದುಕೊಂಡಷ್ಟೂ ವ್ಯವಸ್ಥೆ ಭದ್ರವೆಂಬುದು ಅಲ್ಲಿಯವರೆಗಿನ ನಂಬಿಕೆ. ಚಾರ್ಲ್ಸ್ ಎಲ್ಟನ್ ಎಂಬ ಹಿರಿಯ ಪ್ರಾಣಿಶಾಸ್ತ್ರಜ್ಞನು 1958ರಲ್ಲಿ ಅದನ್ನು ಬಲವಾಗಿ ಪ್ರತಿಪಾದಿಸಿದ್ದನು. ಮೇನ ಲೆಕ್ಕ ಇದಕ್ಕೆ ನೇರ ವಿರೋಧ. ಅಲ್ಲಿಂದ ಐವತ್ತು ವರ್ಷ ನಡೆದ ಚರ್ಚೆಯನ್ನೆಲ್ಲ ಇಲ್ಲಿ ಹೇಳಲಾಗದು. ಮೇನ ಲೆಕ್ಕ ತಪ್ಪೆಂದು ಯಾರೂ ತೋರಿಸಲಿಲ್ಲ; ಆದರೆ ನಿಜವಾದ ಕಾಡು ಯಾದೃಚ್ಛಿಕವಲ್ಲ. ಅಲ್ಲಿ ಸಂಬಂಧಗಳಲ್ಲಿ ಬಹುಪಾಲು ದುರ್ಬಲವಾದುವು, ಕೆಲವೇ ಪ್ರಬಲವಾದುವು. 2012ರಲ್ಲಿ ಅಲೆಸೀನ ಮತ್ತು ತಾಂಗ್ ಇನ್ನೊಂದು ಅಂಶವನ್ನು ತೋರಿಸಿದರು. ಸಂಬಂಧಗಳೆಲ್ಲವೂ ಪರಸ್ಪರ ಸ್ಪರ್ಧೆ ಅಥವಾ ಪರಸ್ಪರ ಉಪಕಾರವಾದರೆ ವ್ಯವಸ್ಥೆ ಬೇಗ ಅಸ್ಥಿರವಾಗುತ್ತದೆ. ಒಂದು ತಿನ್ನುವ, ಒಂದು ತಿನ್ನಿಸಿಕೊಳ್ಳುವ ಜೋಡಿಗಳಾದರೆ ಹೆಚ್ಚು ಪ್ರಭೇದಗಳನ್ನು ತಾಳಿಕೊಳ್ಳುತ್ತದೆ. ಕೌಟಿಲ್ಯನಿಗೆ ಅರಾಜಕತೆಯ ಲಕ್ಷಣವಾಗಿ ಕಂಡುದು ಈ ಗಣಿತದಲ್ಲಿ ಭದ್ರತೆಗೆ ನೆರವಾಗುತ್ತದೆ. ಇದನ್ನು ಮನುಷ್ಯರ ರಾಜ್ಯಕ್ಕೆ ಅನ್ವಯಿಸಲು ಹೊರಡುವುದು ಬೇಡ. ಮೀನಿನ ಗುಣಾಂಕಗಳು ಮೀನಿಗೇ ಇರಲಿ.

ಇಷ್ಟರವರೆಗೆ ನಾವು ಕ, ಖ, ಗ, ಘಗಳನ್ನು ಸ್ಥಿರಾಂಕಗಳೆಂದೇ ಹಿಡಿದೆವು. ನಿಜವಾಗಿ ಅವು ಸ್ಥಿರವೆ? ತಾಟೆಯ ಬಾಯಿಂದ ತಪ್ಪಿಸಿಕೊಳ್ಳುವ ಚುರುಕಿನ ಮೀನು ಹೆಚ್ಚು ಮರಿಗಳನ್ನು ಬಿಟ್ಟುಹೋಗುತ್ತದೆ. ಚುರುಕು ಮರಿಗಳಿಗೆ ಇಳಿದುಬರುವ ಗುಣವಾದರೆ ಖ ಎಂಬುದು ತಲೆಮಾರಿನಿಂದ ತಲೆಮಾರಿಗೆ ಕಡಮೆಯಾಗುತ್ತ ಹೋಗಬೇಕು. ಡಾರ್ವಿನ್ನನ ವಿಕಾಸವಾದದ ತಿರುಳೇ ಇದು. ಆದರೆ ವಿಕಾಸಕ್ಕೆ ಸಹಸ್ರಾರು ವರ್ಷಗಳು ಬೇಕೆಂದೂ ಸಂಖ್ಯೆಗಳ ಏರಿಳಿತ ಕೆಲವೇ ವರ್ಷಗಳದೆಂದೂ ಭಾವಿಸಿ ಗಣಿತಜ್ಞರು ಇದನ್ನು ಬದಿಗಿಟ್ಟಿದ್ದರು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಯೋಶಿದ ಮತ್ತು ಅವರ ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗ ಈ ಭಾವನೆಯನ್ನು ಅಲುಗಿಸಿತು.

ಒಂದು ಗಾಜಿನ ಪಾತ್ರೆ. ಅದರೊಳಕ್ಕೆ ಪೋಷಕದ್ರವ ಸಮನಾಗಿ ಹರಿದುಬರುತ್ತದೆ. ಒಳಗೆ ಕ್ಲೋರೆಲ್ಲ ಎಂಬ ಹಸುರು ಪಾಚಿ, ಅದನ್ನು ತಿನ್ನುವ ರೋಟಿಫರ್ ಎಂಬ ಸೂಕ್ಷ್ಮಪ್ರಾಣಿ. ಎಲ್ಲ ಪಾಚಿಯೂ ಒಂದೇ ತಾಯಿಕೋಶದ ಸಂತತಿಯಾಗಿದ್ದಾಗ, ಎಂದರೆ ಆಯ್ಕೆಗೆ ಅವಕಾಶವೇ ಇಲ್ಲದಾಗ, ಏರಿಳಿತ ವೊಲ್ಟೆರನು ಹೇಳಿದಂತೆಯೇ ನಡೆಯಿತು: ಮೊದಲು ಪಾಚಿಯ ಶಿಖರ, ಕಾಲು ಆವರ್ತದ ಮೇಲೆ ರೋಟಿಫರಿನ ಶಿಖರ. ಬೇರೆಬೇರೆ ತಳಿಯ ಪಾಚಿಗಳನ್ನು ಬೆರಸಿ ಬಿಟ್ಟಾಗ ಆವರ್ತಕಾಲ ಬಹಳ ಉದ್ದವಾಯಿತು. ಪಾಚಿ ತುದಿಯಲ್ಲಿದ್ದಾಗ ರೋಟಿಫರ್ ತಳದಲ್ಲಿ, ರೋಟಿಫರ್ ತುದಿಯಲ್ಲಿದ್ದಾಗ ಪಾಚಿ ತಳದಲ್ಲಿ. ರೋಟಿಫರ್ ಹೆಚ್ಚಿದಾಗ ಅದಕ್ಕೆ ಸುಲಭವಾಗಿ ತುತ್ತಾಗದ ತಳಿ ಮೇಲುಗೈ ಪಡೆಯುತ್ತಿತ್ತು. ರೋಟಿಫರ್ ಕುಗ್ಗಿದಾಗ, ರಕ್ಷಣೆಯಿಲ್ಲದಿದ್ದರೂ ಪೋಷಕಾಂಶವನ್ನು ಹೀರುವುದರಲ್ಲಿ ಮುಂದಾದ ತಳಿ ಮೇಲುಗೈ ಪಡೆಯುತ್ತಿತ್ತು. ವಿಕಾಸ ನಡೆಯುತ್ತಿದ್ದುದು ಯುಗಗಳಲ್ಲಲ್ಲ, ವಾರಗಳಲ್ಲಿ.

ಇದೇ ತಂಡದವರು 2007ರಲ್ಲಿ ಇನ್ನೂ ವಿಚಿತ್ರವಾದ ಸ್ಥಿತಿಯನ್ನು ವರದಿಮಾಡಿದರು. ರಕ್ಷಣೆಗೆ ತಗಲುವ ವೆಚ್ಚ ತೀರ ಅಲ್ಪವಾಗಿದ್ದರೆ, ರಕ್ಷಣೆಯಿಲ್ಲದ ತಳಿ ಎಷ್ಟು ಕುಗ್ಗುವುದೋ ಸರಿಸುಮಾರು ಅಷ್ಟನ್ನೇ ರಕ್ಷಣೆಯುಳ್ಳ ತಳಿ ತುಂಬಿಕೊಡುತ್ತದೆ. ಆಗ ರೋಟಿಫರುಗಳು ಜೋರಾಗಿ ಏರಿಳಿಯುತ್ತಿದ್ದರೂ ಪಾಚಿಯ ಒಟ್ಟು ಸಂಖ್ಯೆ ಅಲುಗದೆ ನಿಂತಂತೆ ಇರುತ್ತದೆ. ಹೊರಗೆ ನಿಂತು ಎರಡನ್ನೂ ಎಣಿಸುವವನು, ಇವೆರಡಕ್ಕೂ ಏನೇನೂ ಸಂಬಂಧವಿಲ್ಲವೆಂದೇ ಬರೆದಿಟ್ಟುಕೊಳ್ಳುವನು.